ಹಳೆಯ ಸೇನಾ ಲಾರಿಯ ಏರ್ ಬ್ರೇಕು: ಒತ್ತಡ ನಿಯಂತ್ರಣದ ದೋಷ ಪತ್ತೆ ಹಚ್ಚುವ ಬಗೆ

ಭೂಸೇನೆಯು ಸೇವೆಯಿಂದ ಹಿಂತೆಗೆದ ಲಾರಿಗಳು ಎಂಎಸ್‌ಟಿಸಿ ಸಂಸ್ಥೆಯ ವಿದ್ಯುನ್ಮಾನ ಹರಾಜುಗಳ ಮೂಲಕ ಖಾಸಗಿಯವರ ಕೈಸೇರುವುದು ವಾಹನ ವ್ಯಾಪಾರಿಗಳಿಗೆ ಹೊಸ ವಿಷಯವೇನಲ್ಲ. ಗಟ್ಟಿಮುಟ್ಟಾದ ಚಾಸಿ, ನಾಲ್ಕೂ ಚಕ್ರಗಳಿಗೆ ಚಾಲನೆ ಹಾಗೂ ಅಗ್ಗದ ಬೆಲೆ ಈ ಮೂರು ಕಾರಣಗಳಿಂದ ಕೆಟ್ಟುನಿಂತ ವಾಹನ ಎಳೆಯುವ ಕ್ರೇನು, ಕಲ್ಲುಗಣಿ, ತೋಟದ ಕೆಲಸ ಮೊದಲಾದವುಗಳಿಗೆ ಇವುಗಳಿಗೆ ಬೇಡಿಕೆಯುಂಟು. ಹಳೆಯ ವಾಹನಗಳನ್ನು ಸಂಗ್ರಹಿಸುವ ಹವ್ಯಾಸಿಗಳೂ ಇವನ್ನು ಕೊಳ್ಳುತ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ದುರಸ್ತಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ತೊಡಕು ಎದುರಾಗುವುದು ಬ್ರೇಕಿನ ಗಾಳಿ ವ್ಯವಸ್ಥೆಯಲ್ಲಿ; ಅದರಲ್ಲೂ ಒತ್ತಡವನ್ನು ಹದದಲ್ಲಿಡುವ ಮುಷ್ಟಿಗಾತ್ರದ ಒಂದು ಬಿಡಿಭಾಗದಲ್ಲಿ.

ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಸುಪಾಸಿನ ಲೇತ್ ಘಟಕಗಳಿಗೂ ಈ ವಿಷಯಕ್ಕೂ ನೇರ ಸಂಬಂಧವಿದೆ. ಮೂಲ ಬಿಡಿಭಾಗ ಮಾರುಕಟ್ಟೆಯಲ್ಲಿ ದೊರೆಯದಾದಾಗ ವಾಹನದ ಮಾಲೀಕರು ಸವೆದ ನಿಯಂತ್ರಕವನ್ನು ಬಟ್ಟೆಯಲ್ಲಿ ಸುತ್ತಿ ತಂದು, "ಇದೇ ತರಹ ಒಂದು ಪಿಸ್ಟನ್ ಮಾಡಿಕೊಡಿ" ಎಂದು ಕೇಳುವುದು ಇಂಥ ಘಟಕಗಳಲ್ಲಿಯೇ. ಕೆಲಸ ಚಿಕ್ಕದು, ಕೂಲಿ ಕೆಲವು ನೂರು ರೂಪಾಯಿ. ಆದರೆ ಆ ಪಿಸ್ಟನ್ನಿನ ಮೇಲೆ ಹತ್ತು ಟನ್ ತೂಕದ ವಾಹನದ ನಿಲುಗಡೆ ಅವಲಂಬಿಸಿದೆ. ಆದುದರಿಂದ ಬಿಡಿಭಾಗ ತಯಾರಿಸುವವರೂ ಮಾರುವವರೂ ದೋಷವು ನಿಜವಾಗಿ ಎಲ್ಲಿದೆ ಎಂಬುದನ್ನು ಅರಿತಿರುವುದು ಒಳಿತು. ನಿಯಂತ್ರಕವನ್ನು ದೂರಿ ತಂದವುಗಳಲ್ಲಿ ಎಷ್ಟೋ ಬಾರಿ ನಿಯಂತ್ರಕ ನಿರ್ದೋಷಿಯಾಗಿರುತ್ತದೆ.

ಮೊದಲು ವಾಹನದ ಗುರುತು

"ಸೇನಾ ಲಾರಿ" ಎಂಬ ಒಂದೇ ಹೆಸರಿನಡಿ ಹಲವು ಪೀಳಿಗೆಯ ವಾಹನಗಳಿವೆ. ಜರ್ಮನಿಯ ಮಾನ್ ಸಂಸ್ಥೆಯ ವಿನ್ಯಾಸವನ್ನಾಧರಿಸಿ 1959ರಿಂದ ಜಬಲ್‌ಪುರದಲ್ಲಿ ತಯಾರಾಗಿ 1996ರಲ್ಲಿ ನಿಂತುಹೋದ ಶಕ್ತಿಮಾನ್, 1990ರ ದಶಕದಲ್ಲಿ ಸೇನೆಗೆ ಬಂದ ಅಶೋಕ್ ಲೇಲ್ಯಾಂಡ್ ಸ್ಟ್ಯಾಲಿಯನ್, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಿಇಎಂಎಲ್ 1986ರ ಒಪ್ಪಂದದ ಮೂಲಕ ಸೇನೆಗೆ ಒದಗಿಸಿದ ಟಾಟ್ರಾ, ಇವೆಲ್ಲವೂ ಬೇರೆ ಬೇರೆ ನಾಡಿನ ವಿನ್ಯಾಸಗಳು. ಒಂದರ ಕೈಪಿಡಿಯಲ್ಲಿನ ಅಂಕಿಯನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

ವ್ಯವಸ್ಥೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪೂರ್ಣ ಏರ್ ಬ್ರೇಕಿನಲ್ಲಿ ಗಾಳಿಯೇ ಚಕ್ರದ ಬಳಿಯ ಬ್ರೇಕ್ ಚೇಂಬರನ್ನು ತಲುಪಿ ಸಲಾಕೆಯನ್ನು ತಳ್ಳುತ್ತದೆ. ಇನ್ನೊಂದರಲ್ಲಿ ಚಕ್ರದ ಬಳಿ ಇರುವುದು ಬ್ರೇಕ್ ಆಯಿಲ್. ಗಾಳಿ ಕೇವಲ ಆ ಆಯಿಲನ್ನು ತಳ್ಳುವ ಬಲವನ್ನು ಹೆಚ್ಚಿಸುತ್ತದೆ. ಅಮೆರಿಕದ ಎಂ-35 ಲಾರಿಯದು ಈ ಎರಡನೆಯ ಬಗೆ. ಈ ಭೇದ ಮುಂದೆ ರಬ್ಬರಿನ ಆಯ್ಕೆಗೆ ಬಂದಾಗ ಬಹಳ ಮುಖ್ಯವಾಗುತ್ತದೆ.

ನಿಯಂತ್ರಣ ನಡೆಯುವ ರೀತಿ

ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಕಂಪ್ರೆಸರ್ ತಿರುಗುತ್ತಲೇ ಇರುತ್ತದೆ. ಟ್ಯಾಂಕು ತುಂಬಿದ ಮೇಲೆ ಅದಕ್ಕೆ ಬಿಡುವು ಕೊಡಬೇಕು. ಒತ್ತಡ ಇಳಿದಾಗ ಮತ್ತೆ ಕೆಲಸಕ್ಕೆ ಹಚ್ಚಬೇಕು. ಬಿಡುವು ಕೊಡುವ ಮೇಲಿನ ಮಿತಿಗೆ ಕಟ್-ಔಟ್ ಎಂದೂ, ಮತ್ತೆ ಕೆಲಸಕ್ಕೆ ಹಚ್ಚುವ ಕೆಳಗಿನ ಮಿತಿಗೆ ಕಟ್-ಇನ್ ಎಂದೂ ಹೆಸರು. ಅಮೆರಿಕದ ವಾಹನಗಳಲ್ಲಿ ಇವು ಸಾಮಾನ್ಯವಾಗಿ 120 ಮತ್ತು 100 ಪಿಎಸ್‌ಐ ಆಸುಪಾಸಿನಲ್ಲಿರುತ್ತವೆ. ನಮ್ಮ ದೇಶದ ಹಾಗೂ ಯುರೋಪಿನ ಹಳೆಯ ವಾಹನಗಳಲ್ಲಿ ಕಟ್-ಔಟ್ 7ರಿಂದ 8 ಬಾರ್ ಇರುವುದು ವಾಡಿಕೆ. ಆಯಾ ವಾಹನದ ಕೈಪಿಡಿ ಅಥವಾ ನಿಯಂತ್ರಕದ ಮೇಲಿನ ಫಲಕದಲ್ಲಿರುವ ಅಂಕಿಯೇ ಅಂತಿಮ.

ಬಿಡುವು ಕೊಡುವ ಉಪಾಯದಲ್ಲಿಯೂ ಎರಡು ಪದ್ಧತಿಗಳಿವೆ. ಒಂದರಲ್ಲಿ ಗವರ್ನರ್ ಎಂಬ ಸಾಧನವು ಟ್ಯಾಂಕಿನ ಗಾಳಿಯನ್ನು ಸಣ್ಣ ಸಂಜ್ಞೆ ಕೊಳವೆಯ ಮೂಲಕ ಕಂಪ್ರೆಸರಿನ ತಲೆಗೆ ಕಳುಹಿಸುತ್ತದೆ. ಅಲ್ಲಿನ ಅನ್‌ಲೋಡರ್ ಪಿಸ್ಟನ್ನುಗಳು ಗಾಳಿ ಒಳಬರುವ ವಾಲ್ವನ್ನು ತೆರೆದೇ ಹಿಡಿಯುವುದರಿಂದ ಒಳಬಂದ ಗಾಳಿ ಅದೇ ದಾರಿಯಲ್ಲಿ ಹೊರಹೋಗುತ್ತದೆ. ಇನ್ನೊಂದು ಪದ್ಧತಿಯಲ್ಲಿ ನಿಯಂತ್ರಕವು ಕಂಪ್ರೆಸರು ಮತ್ತು ಟ್ಯಾಂಕಿನ ನಡುವಣ ಕೊಳವೆಯಲ್ಲಿಯೇ ಕುಳಿತಿರುತ್ತದೆ. ಮೇಲಿನ ಮಿತಿ ತಲುಪಿದೊಡನೆ ಅದು ಹೊರದಾರಿಯೊಂದನ್ನು ತೆರೆದು ಕಂಪ್ರೆಸರಿನ ಗಾಳಿಯನ್ನು ಬಯಲಿಗೆ ಬಿಡುತ್ತದೆ. ಟ್ಯಾಂಕಿನ ಗಾಳಿ ಹಿಂದಕ್ಕೆ ಬಾರದಂತೆ ನಾನ್-ರಿಟರ್ನ್ ವಾಲ್ವು ತಡೆಯುತ್ತದೆ. ವಾಹನದಲ್ಲಿರುವುದು ಯಾವುದೆಂದು ತಿಳಿಯಲು ಕಿವಿಯೇ ಸಾಕು. ಮೇಲಿನ ಮಿತಿಯಲ್ಲಿ "ಪುಸ್" ಎಂದು ಬಿಟ್ಟು ಆನಂತರವೂ ಗಾಳಿ ಹೊರಬರುತ್ತಲೇ ಇದ್ದರೆ ಅದು ಎರಡನೆಯ ಪದ್ಧತಿ. ಕೆಳಗಿನ ಮಿತಿಯಲ್ಲಿ ಒಮ್ಮೆ ಮಾತ್ರ ಚಿಕ್ಕ ಸದ್ದು ಕೇಳಿಸಿದರೆ ಅದು ಗವರ್ನರು ಸಂಜ್ಞೆ ಕೊಳವೆಯನ್ನು ಖಾಲಿ ಮಾಡಿದ ಸದ್ದು. ಅಂದರೆ ಮೊದಲನೆಯ ಪದ್ಧತಿ.

ಒತ್ತಡ ಕಡಿಮೆಯಾದರೆ ಆಗುವ ನಷ್ಟವನ್ನು ಲೆಕ್ಕದಲ್ಲಿಯೇ ಕಾಣಬಹುದು. 30 ಚದರ ಅಂಗುಲ ವಿಸ್ತಾರದ ಬ್ರೇಕ್ ಚೇಂಬರು 100 ಪಿಎಸ್‌ಐ ಒತ್ತಡದಲ್ಲಿ 3000 ಪೌಂಡು, ಅಂದರೆ ಸುಮಾರು 1360 ಕಿಲೋ ಬಲ ಕೊಡುತ್ತದೆ. ಒತ್ತಡ 60ಕ್ಕೆ ಇಳಿದರೆ ಅದೇ ಚೇಂಬರಿನ ಬಲ 816 ಕಿಲೋ ಮಾತ್ರ. ಖಾಲಿ ಲಾರಿಯನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದವರಿಗೆ ಈ ಕೊರತೆ ತಿಳಿಯುವುದಿಲ್ಲ. ಭಾರ ಹೇರಿಕೊಂಡು ಇಳಿಜಾರಿಗೆ ಬಂದಾಗಲೇ ತಿಳಿಯುವುದು.

ಅಳತೆಯ ಗೊಂದಲ

ದೋಷ ಹುಡುಕುವ ಮುನ್ನ ವಾಹನದ ಗೇಜನ್ನೇ ಸಂಶಯದಿಂದ ನೋಡುವುದು ಲೇಸು. ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತ ಲಾರಿಯ ಗೇಜು ಒಂದು ಬಾರ್ ತಪ್ಪು ತೋರಿಸಿದರೆ ಆಶ್ಚರ್ಯವಿಲ್ಲ. ಪರಿಶೀಲಿಸಿದ ಪ್ರತ್ಯೇಕ ಗೇಜೊಂದನ್ನು ಟೀ ಜೋಡಣೆಯ ಮೂಲಕ ಟ್ಯಾಂಕಿಗೇ ಸೇರಿಸಿ ಓದಬೇಕು. ಮಾನಗಳಲ್ಲಿಯೂ ಎಚ್ಚರ ಅಗತ್ಯ. 100 ಪಿಎಸ್‌ಐ ಎಂದರೆ 6.9 ಬಾರ್, ಹಳೆಯ ಗೇಜುಗಳಲ್ಲಿರುವ ಚದರ ಸೆಂಟಿಮೀಟರಿಗೆ ಕಿಲೋ ಲೆಕ್ಕದಲ್ಲಿ 7.03, ಕಿಲೋ ಪಾಸ್ಕಲ್ ಲೆಕ್ಕದಲ್ಲಿ 690. ಹಿಂದಿನ ಮಾಲೀಕರು ಗೇಜು ಬದಲಿಸಿ ಬೇರೆ ಮಾನದ್ದನ್ನು ಕೂರಿಸಿರುವುದೂ ಉಂಟು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ವಾತಾವರಣದ ಒತ್ತಡ ಸುಮಾರು 0.9 ಬಾರ್. ಕಂಪ್ರೆಸರು ಪ್ರತಿ ಸುತ್ತಿಗೂ ಒಳಗೆಳೆಯುವ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಕರಾವಳಿಯಲ್ಲಿ ಬರೆದಿಟ್ಟ ತುಂಬುವ ಸಮಯಕ್ಕಿಂತ ಇಲ್ಲಿ ಒಂದಿಷ್ಟು ಹೆಚ್ಚು ಸಮಯ ಹಿಡಿದರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಸ್ಕ್ರೂ ಮುಟ್ಟುವ ಮುನ್ನ

ಕೆಲಸಕ್ಕೆ ತೊಡಗುವ ಮೊದಲು ಎಲ್ಲ ಚಕ್ರಗಳಿಗೂ ಅಡ್ಡಗಟ್ಟೆ ಇಡಬೇಕು. ಯಾವುದೇ ಕೊಳವೆಯನ್ನಾಗಲಿ ವಾಲ್ವನ್ನಾಗಲಿ ಬಿಚ್ಚುವ ಮುನ್ನ ಎಲ್ಲ ಟ್ಯಾಂಕುಗಳನ್ನೂ ಖಾಲಿ ಮಾಡಬೇಕು. ಸ್ಪ್ರಿಂಗ್ ಬ್ರೇಕ್ ಇರುವ ವಾಹನದಲ್ಲಿ ಚೇಂಬರಿನ ಸ್ಪ್ರಿಂಗ್ ಭಾಗವನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ಒತ್ತಿಟ್ಟ ಆ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೇ ಅಪಾಯ.

ಟ್ಯಾಂಕಿನ ತಳದ ಡ್ರೈನ್ ಕಾಕ್ ತೆರೆದಾಗ ಬರುವುದೇ ಮೊದಲ ಸಾಕ್ಷ್ಯ. ಸ್ವಲ್ಪ ನೀರು ಬರುವುದು ಸಹಜ. ಲೀಟರುಗಟ್ಟಲೆ ಬಂದರೆ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾಗಬಹುದು. 30 ಲೀಟರಿನ ಟ್ಯಾಂಕಿನಲ್ಲಿ 10 ಲೀಟರು ನೀರು ನಿಂತಿದ್ದರೆ ಗಾಳಿಗೆ ಉಳಿಯುವುದು 20 ಲೀಟರಿನ ಜಾಗ. ಬ್ರೇಕ್ ಒತ್ತಿದಾಗಲೆಲ್ಲ ಒತ್ತಡ ಬೇಗ ಇಳಿಯುತ್ತದೆ, ಬೇಗ ಏರುತ್ತದೆ, ನಿಯಂತ್ರಕವು ಮೇಲಿಂದ ಮೇಲೆ ಕೆಲಸ ಮಾಡುತ್ತದೆ. ಇದನ್ನು ಕಂಡು ನಿಯಂತ್ರಕ ಕೆಟ್ಟಿದೆ ಎಂದು ಹೇಳುವುದು ಅದಕ್ಕೆ ಮಾಡುವ ಅನ್ಯಾಯ. ಕಪ್ಪು ಜಿಡ್ಡು ಬಂದರೆ ಕಂಪ್ರೆಸರಿನ ರಿಂಗುಗಳು ಸವೆದು ಎಂಜಿನ್ ಆಯಿಲ್ ಗಾಳಿಯೊಡನೆ ಬರುತ್ತಿದೆ ಎಂದರ್ಥ.

ಮುಂದಿನದು ಸೋರಿಕೆಯ ಪರೀಕ್ಷೆ. ಟ್ಯಾಂಕು ತುಂಬಿಸಿ ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತದೆ ಗೇಜನ್ನು ನೋಡಬೇಕು. ಅಮೆರಿಕದ ಭಾರಿ ವಾಹನ ಚಾಲಕರ ಕೈಪಿಡಿಯ ಪ್ರಕಾರ ಟ್ರೇಲರಿಲ್ಲದ ಒಂಟಿ ವಾಹನದಲ್ಲಿ ನಿಮಿಷಕ್ಕೆ 2 ಪಿಎಸ್‌ಐ, ಬ್ರೇಕ್ ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಎರಡು ಮಿತಿಗಳ ನಡುವಣ ಅಂತರ 20 ಪಿಎಸ್‌ಐ ಎಂದಿಟ್ಟುಕೊಂಡರೆ, ಒಪ್ಪಬಹುದಾದ ಗರಿಷ್ಠ ಸೋರಿಕೆಯಲ್ಲಿಯೂ ಕಂಪ್ರೆಸರಿಗೆ ಹತ್ತು ನಿಮಿಷ ಬಿಡುವು ಸಿಗಬೇಕು. ಬ್ರೇಕ್ ಮುಟ್ಟದೆಯೂ ನಿಮಿಷಕ್ಕೊಮ್ಮೆ ನಿಯಂತ್ರಕ ಸದ್ದು ಮಾಡುತ್ತಿದ್ದರೆ ಎಲ್ಲಿಯೋ ದೊಡ್ಡ ಸೋರಿಕೆ ಇದೆ. ಸೋಪಿನ ನೀರು ಮತ್ತು ಬಣ್ಣದ ಬ್ರಷ್ಷು ಇದಕ್ಕೆ ಈಗಲೂ ಉತ್ತಮ ಸಲಕರಣೆ.

ಲಕ್ಷಣದಿಂದ ದೋಷಕ್ಕೆ

ಹೊರದಾರಿ ಪದ್ಧತಿಯ ವಾಹನದಲ್ಲಿ ಮೇಲಿಂದ ಮೇಲೆ ಕಟ್-ಇನ್, ಕಟ್-ಔಟ್ ಆಗುತ್ತಿದ್ದರೆ ಒಂದು ಸರಳ ಪರೀಕ್ಷೆಯಿಂದ ತಪ್ಪಿತಸ್ಥರನ್ನು ಬೇರ್ಪಡಿಸಬಹುದು. ಮೊದಲು ಒತ್ತಡ ಏರುತ್ತಿರುವಾಗ, ಮೇಲಿನ ಮಿತಿಗೆ ಸ್ವಲ್ಪ ಮುನ್ನ ಎಂಜಿನ್ ನಿಲ್ಲಿಸಿ ಐದು ನಿಮಿಷ ಗೇಜು ನೋಡಬೇಕು. ಆಮೇಲೆ ಕಟ್-ಔಟ್ ಆದ ಕೂಡಲೇ ನಿಲ್ಲಿಸಿ ಅಷ್ಟೇ ಹೊತ್ತು ನೋಡಬೇಕು. ಎರಡರಲ್ಲಿಯೂ ಒತ್ತಡ ಇಳಿದರೆ ಸೋರಿಕೆ ಬ್ರೇಕಿನ ಕೊಳವೆಗಳಲ್ಲಿಯೋ ಚೇಂಬರುಗಳಲ್ಲಿಯೋ ಇದೆ. ಎರಡನೆಯ ಬಾರಿ ಮಾತ್ರ ಇಳಿದು, ನಿಯಂತ್ರಕದ ಹೊರದಾರಿಯಿಂದ ಗಾಳಿ ಬರುತ್ತಿದ್ದರೆ ನಾನ್-ರಿಟರ್ನ್ ವಾಲ್ವು ಅಥವಾ ನಿಯಂತ್ರಣ ಪಿಸ್ಟನ್ನಿನ ಸೀಲು ಕೆಟ್ಟಿದೆ. ಹೊರದಾರಿ ಮುಚ್ಚಿದ್ದಾಗ ವಾಲ್ವಿನ ಸೋರಿಕೆಗೆ ಹೋಗಲು ಜಾಗವಿರುವುದಿಲ್ಲ. ತೆರೆದಾಗಲೇ ಅದು ಬಯಲಾಗುತ್ತದೆ. ಈ ಹತ್ತು ನಿಮಿಷದ ಪರೀಕ್ಷೆಯನ್ನು ಬಿಟ್ಟು ಇಡೀ ನಿಯಂತ್ರಕವನ್ನು ಬದಲಿಸುವ ರೂಢಿ ದುಬಾರಿಯಷ್ಟೇ ಅಲ್ಲ, ಸೋರಿಕೆ ಬೇರೆಡೆ ಇದ್ದರೆ ನಿಷ್ಫಲ ಕೂಡ.

ಗವರ್ನರ್ ಪದ್ಧತಿಯಲ್ಲಿ ಒತ್ತಡ ಮಿತಿ ಮೀರಿ ಏರಿ ಸೇಫ್ಟಿ ವಾಲ್ವು ಸಿಡಿದು ಗಾಳಿ ಬಿಡುತ್ತಿದ್ದರೆ, ಎರಡನೆಯ ಗೇಜೊಂದನ್ನು ಸಂಜ್ಞೆ ಕೊಳವೆಗೆ ಜೋಡಿಸಬೇಕು. ಟ್ಯಾಂಕು ಮೇಲಿನ ಮಿತಿ ದಾಟಿದರೂ ಸಂಜ್ಞೆ ಗೇಜು ಸೊನ್ನೆಯಲ್ಲಿದ್ದರೆ ಗವರ್ನರು ಅಂಟಿಕೊಂಡಿದೆ, ಇಲ್ಲವೇ ಟ್ಯಾಂಕಿನಿಂದ ಅದಕ್ಕೆ ಬರುವ ಕೊಳವೆ ಕಟ್ಟಿಕೊಂಡಿದೆ. ಸಂಜ್ಞೆ ಗೇಜು ಟ್ಯಾಂಕಿನಷ್ಟೇ ಒತ್ತಡ ತೋರಿಸಿಯೂ ಕಂಪ್ರೆಸರು ತುಂಬುತ್ತಲೇ ಇದ್ದರೆ ಗವರ್ನರು ತನ್ನ ಕೆಲಸ ಮಾಡಿದೆ. ಕಂಪ್ರೆಸರಿನ ತಲೆಯಲ್ಲಿರುವ ಅನ್‌ಲೋಡರ್ ಪಿಸ್ಟನ್ನು ಬಿಗಿದುಕೊಂಡಿದೆ. ಒತ್ತಡ ಏರದಿರುವಾಗಲೂ ಇದೇ ಗೇಜು ಉತ್ತರ ಹೇಳುತ್ತದೆ. ಟ್ಯಾಂಕು ಕೆಳಗಿನ ಮಿತಿಗಿಂತ ಕೆಳಗಿದ್ದೂ ಸಂಜ್ಞೆ ಕೊಳವೆಯಲ್ಲಿ ಗಾಳಿ ಉಳಿದಿದ್ದರೆ ಗವರ್ನರಿನದೇ ತಪ್ಪು. ಸಂಜ್ಞೆ ಇಲ್ಲದೆಯೂ ಏರದಿದ್ದರೆ ಗಾಳಿಯ ಫಿಲ್ಟರು, ಕಂಪ್ರೆಸರಿನ ವಾಲ್ವುಗಳು, ರಿಂಗುಗಳು ಇವನ್ನು ನೋಡಬೇಕು.

ಬಹುಕಾಲ ಯಾರ್ಡಿನಲ್ಲಿ ನಿಂತ ವಾಹನಗಳಲ್ಲಿ ಇನ್ನೊಂದು ವಿಚಿತ್ರ ಕಾರಣವೂ ಇರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ನಿಯಂತ್ರಕದ ಹೊರದಾರಿಯಷ್ಟು ಅನುಕೂಲದ ರಂಧ್ರ ಬೇರೊಂದಿಲ್ಲ. ಒಣಗಿದ ಆ ಮಣ್ಣು ಹೊರದಾರಿಯನ್ನು ಮುಚ್ಚಿ, ಪುಡಿಯಾಗಿ ವಾಲ್ವಿನ ಆಸನದ ಮೇಲೂ ಕೂರುತ್ತದೆ. ಹೊಸ ಬಿಡಿಭಾಗಕ್ಕೆ ಬೆಲೆ ಹೇಳುವ ಮುನ್ನ ರಂಧ್ರದೊಳಗೆ ಒಮ್ಮೆ ಟಾರ್ಚು ಹಾಯಿಸುವುದು ವ್ಯಾಪಾರಿಯ ಹೆಸರಿಗೂ ಒಳ್ಳೆಯದು.

ಕಂಪ್ರೆಸರಿನಿಂದ ಹೊರಡುವ ಬಿಸಿ ಕೊಳವೆಯನ್ನು ಬಹಳ ಮಂದಿ ಬಿಚ್ಚಿ ನೋಡುವುದೇ ಇಲ್ಲ. ಆಯಿಲ್ ಸುಟ್ಟು ಕರಿಯಾಗಿ ಅದರ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ದಾರಿ ಕಿರಿದಾದಷ್ಟೂ ಕಂಪ್ರೆಸರು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಕರಿ ಹೆಚ್ಚುತ್ತದೆ. ಆ ಕರಿಯ ಚೂರುಗಳೇ ಮುಂದೆ ನಿಯಂತ್ರಕದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದು. ಕೊಳವೆಯನ್ನು ಶುದ್ಧಗೊಳಿಸದೆ ಹೊಸ ನಿಯಂತ್ರಕ ಕೂರಿಸಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ, ದೂರು ಮಾತ್ರ ಬಿಡಿಭಾಗ ಮಾರಿದವರ ಮೇಲೆ ಬರುತ್ತದೆ.

ಇವೆಲ್ಲ ಸರಿಯಿದ್ದ ಮೇಲೆಯೇ ಹೊಂದಾಣಿಕೆಯ ಸ್ಕ್ರೂವಿನ ಸರದಿ. ಸ್ಪ್ರಿಂಗಿನ ಬಲ ಬದಲಾಗುವುದರಿಂದ ಎರಡೂ ಮಿತಿಗಳು ಒಟ್ಟಿಗೆ ಏರುತ್ತವೆ ಅಥವಾ ಇಳಿಯುತ್ತವೆ. ಅವುಗಳ ನಡುವಣ ಅಂತರವನ್ನು ಸಾಮಾನ್ಯವಾಗಿ ಒಳಗಿನ ಭಾಗಗಳ ಅಳತೆಯೇ ನಿರ್ಧರಿಸುತ್ತದೆ. ಅಂತರ ಕಿರಿದಾಗಿದ್ದರೆ ಸ್ಕ್ರೂ ತಿರುಗಿಸಿ ಫಲವಿಲ್ಲ. ತಿರುಗಿಸುವ ದಿಕ್ಕೂ ಎಲ್ಲ ಮಾದರಿಗಳಲ್ಲಿ ಒಂದೇ ಅಲ್ಲ. ಕೆಲವು ಗವರ್ನರುಗಳಲ್ಲಿ ಎಡಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ, ಇನ್ನು ಕೆಲವುಗಳಲ್ಲಿ ಬಲಕ್ಕೆ. ಆದುದರಿಂದ ಕಾಲು ಸುತ್ತು ತಿರುಗಿಸಿ, ಒಂದು ಪೂರ್ಣ ಆವರ್ತನ ನೋಡಿ ಮುಂದುವರಿಯಬೇಕು. ಸೇಫ್ಟಿ ವಾಲ್ವು ಸಿಡಿಯುತ್ತಿದೆಯೆಂದು ಅದನ್ನೇ ಬಿಗಿ ಮಾಡುವ ಅಥವಾ ಅದರ ಜಾಗಕ್ಕೆ ಬಿರಡೆ ಹಾಕುವ ಕೆಲಸವನ್ನು ಅಪರಾಧವೆಂದೇ ಪರಿಗಣಿಸಬೇಕು. ಒಳಗೆ ತುಕ್ಕು ಹಿಡಿದ ಟ್ಯಾಂಕಿಗೆ ಉಳಿದಿರುವ ಕೊನೆಯ ರಕ್ಷಣೆ ಅದೊಂದೇ.

ತಯಾರಕರ ಮುಂದಿರುವ ಪ್ರಶ್ನೆಗಳು

ರಬ್ಬರಿನ ವಿಷಯದಲ್ಲಾಗುವಷ್ಟು ತಪ್ಪು ಬೇರಾವ ವಿಷಯದಲ್ಲಿಯೂ ಆಗುವುದಿಲ್ಲ. ಕಂಪ್ರೆಸರಿನ ಗಾಳಿಯಲ್ಲಿ ಎಂಜಿನ್ ಆಯಿಲಿನ ಮಂಜು ಇದ್ದೇ ಇರುತ್ತದೆ. ಆದುದರಿಂದ ಗಾಳಿಯ ಭಾಗಕ್ಕೆ ನೈಟ್ರೈಲ್ ರಬ್ಬರು ಸೂಕ್ತ. ಬಿಸಿ ಹೆಚ್ಚಿರುವ ಕಂಪ್ರೆಸರಿನ ತಲೆಗೆ ಫ್ಲೋರೋಕಾರ್ಬನ್ ರಬ್ಬರು. ಇಪಿಡಿಎಂ ರಬ್ಬರು ಆಯಿಲಿನಲ್ಲಿ ಉಬ್ಬಿ ಪಿಸ್ಟನ್ನನ್ನು ಬಿಗಿದುಬಿಡುತ್ತದೆ. ಆದರೆ ಬ್ರೇಕ್ ಆಯಿಲ್ ತಾಗುವ ಭಾಗದಲ್ಲಿ ಸ್ಥಿತಿ ತದ್ವಿರುದ್ಧ. ಗ್ಲೈಕಾಲ್ ಮೂಲದ ಆ ದ್ರವಕ್ಕೆ ಇಪಿಡಿಎಂ ಒಗ್ಗುತ್ತದೆ, ನೈಟ್ರೈಲ್ ಉಬ್ಬುತ್ತದೆ. ಗಾಳಿ ಮತ್ತು ಬ್ರೇಕ್ ಆಯಿಲ್ ಎರಡೂ ಇರುವ ಲಾರಿಯ ಬೂಸ್ಟರಿನಲ್ಲಿ ಕೆಲವೇ ಅಂಗುಲಗಳ ಅಂತರದಲ್ಲಿ ಎರಡು ಜಾತಿಯ ರಬ್ಬರು ಬೇಕಾಗುತ್ತದೆ. ಎರಡೂ ಕಪ್ಪು, ನೋಡಲು ಒಂದೇ. ಒಂದೇ ಪೊಟ್ಟಣದಲ್ಲಿ ಗುರುತಿಲ್ಲದೆ ಮಾರುವುದರಿಂದ ಕೂರಿಸಿದ ದಿನ ಎಲ್ಲವೂ ಸರಿಯಾಗಿದ್ದು ಕೆಲವು ವಾರಗಳ ನಂತರ ಬ್ರೇಕು ಹಿಡಿದುಕೊಳ್ಳುವ ಪ್ರಮೇಯ ಬರುತ್ತದೆ. ರಬ್ಬರು ದ್ರವಗಳಿಗೆ ಹೇಗೆ ಒಗ್ಗುತ್ತದೆ ಎಂಬುದರ ಪರೀಕ್ಷೆಗೆ ಭಾರತೀಯ ಮಾನಕ ಐಎಸ್ 3400ರ 6ನೆಯ ಭಾಗವಿದೆ. ಸರಬರಾಜುದಾರರಿಂದ ಆ ವರದಿಯನ್ನು ಕೇಳಿ ಪಡೆಯುವುದು ಸಣ್ಣ ಘಟಕಕ್ಕೂ ಸಾಧ್ಯ.

ಇನ್ನು ಅಳತೆ. 25 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ 8 ಬಾರ್ ಒತ್ತಡ ಬಿದ್ದರೆ ಸ್ಪ್ರಿಂಗು ತಡೆಯಬೇಕಾದ ಬಲ ಸುಮಾರು 40 ಕಿಲೋ. ಸ್ಪ್ರಿಂಗಿನ ಬಲದಲ್ಲಿ ಶೇಕಡ 5ರಷ್ಟು ವ್ಯತ್ಯಾಸವಾದರೆ ಕಟ್-ಔಟಿನಲ್ಲಿ 0.4 ಬಾರ್ ವ್ಯತ್ಯಾಸ. ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಹೊಂದಿದ ಮಾತ್ರಕ್ಕೆ ಸಾಲದು. ನಿಗದಿತ ಎತ್ತರಕ್ಕೆ ಒತ್ತಿದಾಗ ಎಷ್ಟು ಕಿಲೋ ಎಂಬುದನ್ನು ಅಳೆದು ಕೊಡಬೇಕು. ಹೊಸ ಸ್ಪ್ರಿಂಗನ್ನು ಪೂರ್ತಿ ಒತ್ತಿ ಬಿಟ್ಟು ಅದರ ಕುಗ್ಗುವಿಕೆಯನ್ನು ಮೊದಲೇ ತೆಗೆಯದಿದ್ದರೆ ವಾಹನದಲ್ಲಿ ಕೂತ ಮೇಲೆ ಕುಗ್ಗಿ ಒತ್ತಡ ಇಳಿಯುತ್ತದೆ.

ಸವೆದ ರಂಧ್ರವನ್ನು ಕೊರೆದು ದೊಡ್ಡದು ಮಾಡಿ ದಪ್ಪ ಪಿಸ್ಟನ್ ಕೂರಿಸುವುದು ಎಂಜಿನ್ ಕೆಲಸದಲ್ಲಿ ಸಾಮಾನ್ಯ. ನಿಯಂತ್ರಕದಲ್ಲಿ ಅದು ಅಷ್ಟು ಸರಳವಲ್ಲ. 25 ಮಿಲಿಮೀಟರಿನದನ್ನು 25.5 ಮಾಡಿದರೆ ವಿಸ್ತಾರ ಶೇಕಡ 4ರಷ್ಟು ಹೆಚ್ಚಿ, ಅದೇ ಸ್ಪ್ರಿಂಗಿಗೆ 8 ಬಾರ್ ಇದ್ದ ಕಟ್-ಔಟ್ 7.7ಕ್ಕೆ ಇಳಿಯುತ್ತದೆ. ಇದನ್ನು ಸರಿದೂಗಿಸಲು ಸ್ಕ್ರೂ ಬಿಗಿಯುತ್ತಾ ಹೋದರೆ ಸ್ಪ್ರಿಂಗಿಗೆ ಚಲಿಸಲು ಜಾಗ ಉಳಿಯುವುದಿಲ್ಲ. ರಂಧ್ರಕ್ಕೆ ತೋಳು ಕೂರಿಸಿ ಮೂಲ ಅಳತೆಗೇ ತರುವುದು ಸರಿಯಾದ ವಿಧಾನ. ಕೂಲಿ ಹೆಚ್ಚಾದರೂ ಗ್ರಾಹಕರಿಗೆ ಕಾರಣವನ್ನು ವಿವರಿಸಬಹುದು.

ಇಂಥ ಕೆಲಸಕ್ಕೆ ಬೇಕಾದ ಆಸರೆ ನಗರದ ಪಶ್ಚಿಮ ಭಾಗದಲ್ಲಿಯೇ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ, ಕೇಂದ್ರ ಸರ್ಕಾರದ ಎಂಎಸ್‌ಎಂಇ ಕಚೇರಿಯೂ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿವೆ. 1949ರಲ್ಲಿ ಸ್ಥಾಪನೆಯಾದ ಕಾಸಿಯಾ ವಿಜಯನಗರದಲ್ಲಿದೆ. ಕೆಂಗೇರಿಯಲ್ಲಿ ಕೆಎಸ್‌ಆರ್‌ಟಿಸಿಯ ಕಾರ್ಯಾಗಾರವಿರುವುದರಿಂದ ಭಾರಿ ವಾಹನದ ಏರ್ ಬ್ರೇಕು ಬಲ್ಲ ನಿವೃತ್ತ ಕುಶಲಕರ್ಮಿಗಳೂ ಈ ಭಾಗದಲ್ಲಿ ಸಿಕ್ಕಾರು. ಪರೀಕ್ಷಾ ಮೇಜಿಗೆ ಬೇಕಾಗುವುದು ಒಂದು ವರ್ಕ್‌ಶಾಪ್ ಕಂಪ್ರೆಸರು, 30 ಲೀಟರಿನ ಟ್ಯಾಂಕು, ಅದಕ್ಕೊಂದು ಸೇಫ್ಟಿ ವಾಲ್ವು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರಿಶೀಲಿಸಿದ ಎರಡು ಗೇಜುಗಳು. ಕಂಪ್ರೆಸರಿನ ಸಾಮರ್ಥ್ಯ ನಿಯಂತ್ರಕದ ಮೇಲಿನ ಮಿತಿಗಿಂತ ಹೆಚ್ಚಿನ ಒತ್ತಡದ್ದಾಗಿರಬೇಕು. 7 ಬಾರಿಗೆ ನಿಲ್ಲುವ ಯಂತ್ರದಿಂದ 8 ಬಾರಿನ ನಿಯಂತ್ರಕವನ್ನು ಪರೀಕ್ಷಿಸಲಾಗದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕರ ಜೊತೆಗೆ ಮಾರಾಟಗಾರರಿಗೂ ದುರಸ್ತಿ ಸೇವೆ ಕೊಡುವವರಿಗೂ ವಿಸ್ತರಿಸಿದೆ. ಬಿಲ್ಲಿನಲ್ಲಿ "ಪಿಸ್ಟನ್ ಕೆಲಸ" ಎಂದಷ್ಟೇ ಬರೆದು ಕೊಡುವ ಕಾಲ ಇದಲ್ಲ. ಪ್ರತಿ ನಿಯಂತ್ರಕಕ್ಕೂ ಒಂದು ತಗಡಿನ ಚೀಟಿ ಕಟ್ಟಿ, ಅದರ ಮೇಲೆ ಕಟ್-ಔಟ್, ಕಟ್-ಇನ್, ಪರೀಕ್ಷಿಸಿದ ದಿನಾಂಕ, ಬಳಸಿದ ರಬ್ಬರಿನ ಜಾತಿ ಇಷ್ಟನ್ನು ಗುದ್ದಿಸಿ, ಅದರ ಪ್ರತಿಯನ್ನು ಘಟಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ವಾಹನ ಮತ್ತೆ ದೂರಿನೊಂದಿಗೆ ಬಂದರೆ ಮೊದಲು ನೋಡಬೇಕಾದದ್ದು ಆ ಚೀಟಿಯ ಅಂಕಿಗಳನ್ನು, ಆಮೇಲೆ ಸ್ಕ್ರೂವಿನ ಮೇಲೆ ಹಾಕಿದ್ದ ಬಣ್ಣದ ಗುರುತು ಕದಲಿದೆಯೇ ಎಂಬುದನ್ನು.